ತೆಂಗಿನ ಸೀಮೆಯ ಕೋಡಿ ಲೆಕ್ಕ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳಿಗೆ ನೆರೆಯ ಭಯ ಇರುವುದು ಹೊಳೆಯಿಂದಲ್ಲ, ಕೆರೆಯಿಂದ. ವರ್ಷಕ್ಕೆ ಸರಾಸರಿ 600ರಿಂದ 700 ಮಿಲಿಮೀಟರ್ ಮಳೆ ಕಾಣುವ ಈ ಸೀಮೆಯಲ್ಲಿ ಪಟ್ಟಣದ ಮಗ್ಗುಲಲ್ಲಿ ದಡ ಮೀರುವ ದೊಡ್ಡ ನದಿ ಇಲ್ಲ. ಇರುವುದು ಒಂದರ ಕೆಳಗೊಂದು ಕಟ್ಟಿದ ಕೆರೆಗಳ ಸಾಲು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಅದೂ ತುಂಬಿದರೆ ಮುಂದಿನದಕ್ಕೆ. ಈ ನೀರಿನ ಒಂದು ಪಾಲು ಶಿಂಷಾ ಸೇರಿ ಕಾವೇರಿಯ ಕಡೆ ಹೋಗುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಉತ್ತರದ ನೀರು ಬೋರನಕಣಿವೆ ದಾಟಿ, ಸುವರ್ಣಮುಖಿಯಲ್ಲಿ ಹಿರಿಯೂರಿನತ್ತ ಹರಿದು ಕೃಷ್ಣಾ ಕಣಿವೆಯ ಪಾಲಾಗುತ್ತದೆ.

ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1860ರ ದಶಕದಲ್ಲಿ ಹಾಕಿದ ಲೆಕ್ಕದಂತೆ ಸಂಸ್ಥಾನದ ಸುಮಾರು ಶೇ 60ರಷ್ಟು ನೆಲ ಇಂಥ ಕೆರೆಸಾಲುಗಳ ಏರ್ಪಾಟಿಗೆ ಒಳಪಟ್ಟಿತ್ತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಅವರಿಗೆ ಅನ್ನಿಸಿತ್ತು. ಇಷ್ಟು ಒತ್ತಾದ ಸಾಲಿನ ಗುಣ, ದೋಷ ಎರಡೂ ಒಂದೇ ಕಡೆ ಇವೆ. ಮೇಲಿನ ಕೆರೆ ಮಳೆಯ ಹೊಡೆತವನ್ನು ತಡೆದುಕೊಂಡು ನಿಧಾನಕ್ಕೆ ಬಿಡುವ ತನಕ ಕೆಳಗಿನ ಊರು ಕ್ಷೇಮ. ಏರಿ ಒಡೆಯಿತೆಂದರೆ ಆ ರಭಸಕ್ಕೆ ಕೆಳಗಿನ ಏರಿಯೂ ಕೊಚ್ಚಿಹೋಗಿ, ಎರಡು ಕೆರೆಯ ನೀರು ಒಟ್ಟಿಗೆ ನುಗ್ಗುವ ಅಪಾಯವಿದೆ.

ಆದ್ದರಿಂದ ಪಟ್ಟಣದ ನೆರೆ ನಿಯಂತ್ರಣ ಶುರುವಾಗಬೇಕಾದುದು ಬೀದಿಯ ಚರಂಡಿಯಲ್ಲಲ್ಲ, ಕೋಡಿಯಲ್ಲಿ. ಕೋಡಿಗೆ ಗೇಟಿಲ್ಲ, ಕಾವಲಿನವನು ಬೇಕಿಲ್ಲ. ಮಧ್ಯರಾತ್ರಿ ಮಳೆ ಬಂದರೂ ಹೆಚ್ಚಿನ ನೀರನ್ನು ತಾನೇ ಹೊರಹಾಕುತ್ತದೆ. ಕೋಡಿಯ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಬಿಟ್ಟ ಎತ್ತರವೇ ಮಣ್ಣಿನ ಏರಿಗೆ ರಕ್ಷೆ. ಬರದ ಸೀಮೆಯವರಿಗೆ ಆ ಎತ್ತರ ದಂಡವಾಗಿ ಕಾಣುವುದು ಸಹಜ. ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಮೂಟೆ ಒಟ್ಟುವುದು, ಒಂದು ವರಸೆ ಕಲ್ಲು ಏರಿಸುವುದು ಹಳೆಯ ಚಾಳಿ. ಇದರ ಬೆಲೆ ಲೆಕ್ಕಕ್ಕೆ ಸಿಗುವಂಥದು. ಕೋಡಿಯ ಮೇಲೆ ಹರಿಯುವ ನೀರಿನ ಪ್ರಮಾಣ ಅಲ್ಲಿನ ನೀರಿನ ಆಳದ ಒಂದೂವರೆ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಎರಡು ಅಡಿ ಆಳಕ್ಕೆ ನೀರು ಹರಿಯಬಲ್ಲ ಕೋಡಿಯನ್ನು ಒಂದು ಅಡಿ ಎತ್ತರಿಸಿದರೆ, ಏರಿಗೆ ಅಪಾಯ ತಟ್ಟುವ ಮುಂಚೆ ಅದು ಸಾಗಿಸಬಲ್ಲ ನೀರು ಅರ್ಧಕ್ಕೆ ಇಳಿದು ನಿಲ್ಲುವುದಿಲ್ಲ, ಮೂರನೇ ಒಂದರಷ್ಟಕ್ಕೆ ಕುಸಿಯುತ್ತದೆ.

ಕೋಡಿ ದಾಟಿದ ನೀರಿಗೆ ದಾರಿ ಬೇಕು. ಏರಿಯ ಕೆಳಗಿನ ಅಚ್ಚುಕಟ್ಟು ಒಂದು ಕಾಲಕ್ಕೆ ಗದ್ದೆಯಾಗಿತ್ತು; ಬದುಗಳ ನಡುವೆ ಒಂದಷ್ಟು ನೀರು ನಿಂತರೆ ಭತ್ತಕ್ಕೆ ನಷ್ಟವಿರಲಿಲ್ಲ. ಬಹಳ ಕಡೆ ಗದ್ದೆ ತೋಟವಾಯಿತು, ಪಟ್ಟಣಕ್ಕೆ ಹತ್ತಿರದ ತೋಟ ನಿವೇಶನವಾಯಿತು. ತಗ್ಗಿನ ನೆಲ ತಗ್ಗಾಗಿಯೇ ಉಳಿದಿದೆ, ಅದರ ಮೇಲೆ ಮನೆಗಳು ಬಂದಿವೆ. ಗ್ರಾಮ ನಕಾಶೆಯಲ್ಲಿ ಹಳ್ಳ, ರಾಜಕಾಲುವೆಗಳ ಗುರುತು ಇರುತ್ತದೆ. ಪಹಣಿಯಲ್ಲಿ ಅವು ಸಾರ್ವಜನಿಕ ಬಳಕೆಯ ‘ಬಿ’ ಖರಾಬು. ನೆಲದ ಮೇಲೆ ಹುಡುಕಹೊರಟರೆ ಕಾಲುವೆ ಇರಬೇಕಾದ ಕಡೆ ಎರಡು ಸಾಲು ತೆಂಗು ಕಾಣುವುದುಂಟು. ರಾಗಿ ಬಿತ್ತಿದ ಒತ್ತುವರಿಯನ್ನು ಕಟಾವಿನ ನಂತರ ಬಿಡಿಸಬಹುದು. ಆರೇಳು ದಶಕ ಬಾಳುವ ತೆಂಗಿನ ಮರವನ್ನು ಕಡಿಸಲು ಯಾವ ತಹಶೀಲ್ದಾರರಿಗೂ ಸುಲಭವಲ್ಲ. ಉಳಿದ ಕಾಲುವೆಯಲ್ಲಿ ಹೂಳು, ಪ್ಲಾಸ್ಟಿಕ್, ಒಣಮಟ್ಟೆ, ಕಾಯಿ ಸಿಪ್ಪೆ ಸೇರಿ ಮೋರಿಯ ಬಾಯಿ ಕಟ್ಟುತ್ತವೆ. ರೈಲು ಹಳಿ, ಹೆದ್ದಾರಿಗಳ ದಿಬ್ಬದಡಿಯ ಮೋರಿ ಚಿಕ್ಕದಾದರೆ ದಿಬ್ಬವೇ ಇನ್ನೊಂದು ಏರಿ, ಅದಕ್ಕೆ ಕೋಡಿಯೂ ಇಲ್ಲ.

ಈ ಸೀಮೆಗೆ ಮಾತ್ರ ಮುಖ್ಯವಾದ ಇನ್ನೊಂದು ಸಂಗತಿ ಹೇಮಾವತಿ ನದಿಯ ನೀರು. ಆ ನದಿಯ ಗೊರೂರು ಅಣೆಕಟ್ಟೆ 1979ರಲ್ಲಿ ಮುಗಿದು, ನಾಲೆಯ ನೀರು ಇತ್ತ ಬಂದ ಮೇಲೆ ತಿಪಟೂರಿಗೆ ಕುಡಿಯುವ ನೀರು ಕೊಡುವ ಈಚನೂರು ಕೆರೆ, ತುರುವೇಕೆರೆಯ ಮಲ್ಲಾಘಟ್ಟ ಕೆರೆಯಂಥವು ಮಳೆಯನ್ನಷ್ಟೇ ನಂಬಿ ಕೂರಬೇಕಿಲ್ಲ. ಕೊಳವೆಬಾವಿ ಬತ್ತಿ, ತೆಂಗಿನ ಸುಳಿ ಒಣಗಿದ್ದನ್ನು ಕಂಡ ರೈತರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ನಾಲೆಗೆ ನೀರು ಬಿಡುವ ತಿಂಗಳುಗಳಲ್ಲೇ ಜಿಲ್ಲೆಯ ಜೋರು ಮಳೆಯೂ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿನ ಮಳೆಯ ಹೆಚ್ಚಳದ ಕಾಲ. ಖಾಲಿ ಕೆರೆ ನುಂಗಿಕೊಳ್ಳುತ್ತಿದ್ದ ಒಂದು ರಾತ್ರಿಯ ಮಳೆ, ತುಂಬಿದ ಕೆರೆಯಿಂದ ನೇರ ಕೋಡಿಗೆ ಬೀಳುತ್ತದೆ. 2022ರಲ್ಲಿ ಜಿಲ್ಲೆಯಲ್ಲಿ ವರ್ಷಗಟ್ಟಲೆ ತುಂಬದ ಕೆರೆಗಳೂ ಕೋಡಿ ಹರಿದಾಗ ಜನ ಬಾಗಿನ ಬಿಟ್ಟು ಸಂಭ್ರಮಿಸಿದರು, ಸಂಭ್ರಮ ನ್ಯಾಯವಾದದ್ದೇ. ಕೆರೆ ತುಂಬಿಸುವ ವೇಳಾಪಟ್ಟಿಯಲ್ಲಿ ಪಟ್ಟಣದ ಮೇಲಿನ ಕೆರೆಗಳಿಗೆ ಒಂದೆರಡು ಅಡಿ ಜಾಗ ಬಿಟ್ಟು, ಹಿಂಗಾರು ಇಳಿದ ಮೇಲೆ ಪೂರ್ತಿ ತುಂಬಿಸುವ ಕ್ರಮ ಖರ್ಚಿಲ್ಲದ ನೆರೆ ಯೋಜನೆ. ರೈತರು ಒಪ್ಪುವಂತೆ ಮಾಡುವುದೇ ಅದರ ಕಷ್ಟದ ಭಾಗ, ಏಕೆಂದರೆ ನಾಲೆಯ ನೀರು ಆಮೇಲೆ ಬಂದೇ ಬರುತ್ತದೆಂಬ ಭರವಸೆ ಅವರಿಗಿಲ್ಲ.

ಕಾಲುವೆ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ದೂರವಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರ, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಜನ ಟ್ರ್ಯಾಕ್ಟರ್, ದೋಣಿ ಹತ್ತಿ ಹೊರಬಂದರು. ಅಲ್ಲಿನ 2015ರ ಪರಿಷ್ಕೃತ ಮಹಾಯೋಜನೆ ರಾಜಕಾಲುವೆಗಳನ್ನು ಮೂರು ದರ್ಜೆ ಮಾಡಿ 50, 25, 15 ಮೀಟರ್ ಮೀಸಲು ಅಂಚು ಗೊತ್ತುಮಾಡಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಅಂಚನ್ನು 75 ಮೀಟರ್‌ಗೆ ಹಿಗ್ಗಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಮೀಟರಿನ ವ್ಯಾಜ್ಯ ನಡೆಯುವ ಹೊತ್ತಿಗೆ ಕಟ್ಟಡಗಳು ಎದ್ದು ನಿಂತಿದ್ದವು. ಈ ಮೂರು ಪಟ್ಟಣಗಳಲ್ಲಿ ಇನ್ನೂ ನಿವೇಶನವಾಗದ ತೋಟಗಳಿವೆ. ಬಡಾವಣೆಗೆ ಒಪ್ಪಿಗೆ ಕೊಡುವ ಮುನ್ನ ಗ್ರಾಮ ನಕಾಶೆಯ ಹಳ್ಳವನ್ನು ಅಳೆದು ಕಲ್ಲು ನೆಡುವುದು ಇಲ್ಲಿ ಇನ್ನೂ ಅಗ್ಗ.

ಅಡ್ಡಿಯಾಗುವುದು ಅಧಿಕಾರದ ಹಂಚಿಕೆ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಚಿಕ್ಕದು ಪಂಚಾಯತ್‌ರಾಜ್ ಸಂಸ್ಥೆಗಳದು, ನಾಲೆಯ ನೀರು ನೀರಾವರಿ ನಿಗಮದ್ದು, ಖರಾಬು ಜಮೀನು ಕಂದಾಯ ಇಲಾಖೆಯದು. ತಿಪಟೂರಿನ ನಗರಸಭೆ, ಚಿಕ್ಕನಾಯಕನಹಳ್ಳಿಯ ಪುರಸಭೆ, ತುರುವೇಕೆರೆಯ ಪಟ್ಟಣ ಪಂಚಾಯಿತಿಗಳ ಕೈಯಲ್ಲಿರುವುದು ಊರೊಳಗಿನ ಚರಂಡಿ. ನೀರು ಬರುವುದು ಅವುಗಳ ಗಡಿಯಾಚೆಯಿಂದ. ಒಂದು ಅನುಕೂಲವುಂಟು: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸಬಲ್ಲವು. ಮೇಲಿನ ಪಂಚಾಯಿತಿಯಲ್ಲಿ ಸುರಿದ ಮಳೆಯ ಅಂಕಿ ಮತ್ತು ಅಲ್ಲಿನ ಕೆರೆಯ ಮಟ್ಟ, ಇವೆರಡು ಸಂಜೆಯೇ ಪಟ್ಟಣದ ಮುಖ್ಯಾಧಿಕಾರಿಯ ಫೋನಿಗೆ ಬಂದರೆ, ಕೋಡಿಯ ನೀರು ತಗ್ಗಿನ ಬೀದಿ ಮುಟ್ಟುವ ಮೊದಲು ಜನರನ್ನು ಎಬ್ಬಿಸಲು, ಮೋರಿಯ ಕಸ ತೆಗೆಸಲು ಕೆಲವು ಗಂಟೆಗಳಾದರೂ ಸಿಗುತ್ತವೆ.