ಕಂಪ್ಯೂಟರಿಗೂ ಮೊದಲು ಗ್ರಂಥಪಾಲಕಿ

1948ರಲ್ಲಿ ಅಮೆರಿಕದ ಸೇನೆ ತನ್ನ ವೈದ್ಯಾಧಿಕಾರಿಯೊಬ್ಬರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಕಳಿಸಿತು. ಓದಬೇಕಾಗಿದ್ದದ್ದು ವೈದ್ಯವಲ್ಲ, ಗ್ರಂಥಾಲಯ ವಿಜ್ಞಾನ. ಫ್ರಾಂಕ್ ಬ್ರಾಡ್‌ವೇ ರಾಜರ್ಸ್ ಎಂಬ ಆ ಡಾಕ್ಟರು ಮರುವರ್ಷ ಸ್ನಾತಕೋತ್ತರ ಪದವಿ ಪಡೆದು ವಾಷಿಂಗ್ಟನ್ನಿನ ಆರ್ಮಿ ಮೆಡಿಕಲ್ ಲೈಬ್ರರಿಯ ನಿರ್ದೇಶಕರಾದರು. ಅಲ್ಲಿಯವರೆಗೆ ಆ ಕುರ್ಚಿಗೆ ಬರುತ್ತಿದ್ದ ಸೇನಾ ವೈದ್ಯರಲ್ಲಿ ಬಹುತೇಕರಿಗೆ ಅದು ಬಡ್ತಿಯ ದಾರಿಯಲ್ಲಿ ಸಿಗುವ ಒಂದು ತಂಗುದಾಣ ಮಾತ್ರ. ವೈದ್ಯನಾದವನಿಗೆ ವೈದ್ಯಗ್ರಂಥಗಳನ್ನು ನೋಡಿಕೊಳ್ಳುವುದು ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಆ ಕಾಲಕ್ಕೆ ಮುರಿದುಬಿದ್ದಿತ್ತು. ಅದನ್ನು ಮುರಿದವರು ಹೆಚ್ಚಿನಂಶ ವೈದ್ಯರಲ್ಲದ, ಹೆಚ್ಚಿನಂಶ ಮಹಿಳೆಯರಾಗಿದ್ದ ವೈದ್ಯಕೀಯ ಗ್ರಂಥಪಾಲಕರು. ಇಂದು ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಕೂತ ವೈದ್ಯೆಯೊಬ್ಬರು ಪಬ್‌ಮೆಡ್‌ನಲ್ಲಿ ಒಂದು ಕಾಯಿಲೆಯ ಹೆಸರು ಬರೆದು ಗುಂಡಿ ಒತ್ತಿದೊಡನೆ ಜಗತ್ತಿನ ಸಂಶೋಧನೆಯೆಲ್ಲ ಸಾಲುಗಟ್ಟಿ ನಿಲ್ಲುತ್ತದೆ. ಇದರ ಕೀರ್ತಿಯನ್ನು ನಾವು ಕಂಪ್ಯೂಟರಿಗೆ ಕೊಡುತ್ತೇವೆ. ಆದರೆ ಆ ಹುಡುಕಾಟದ ಅತಿ ಕಠಿಣ ಭಾಗ 1940 ಮತ್ತು 50ರ ದಶಕಗಳಲ್ಲಿ, ಕಾರ್ಡು ಪೆನ್ಸಿಲುಗಳ ಜೊತೆಗೆ ಮತ್ತು ಬಿಸಿಬಿಸಿ ವಾದವಿವಾದಗಳ ನಡುವೆ, ಮುಗಿದುಹೋಗಿತ್ತು ಎಂಬುದೇ ಈ ಲೇಖನದ ವಾದ.

ಈ ಜನ ಒಂದು ವೃತ್ತಿಬಳಗವಾಗಿ ಕೂಡಿದ್ದು 1898ರ ಮೇ ತಿಂಗಳಲ್ಲಿ, ಫಿಲಡೆಲ್ಫಿಯಾದಲ್ಲಿ. ನಾಲ್ವರು ಗ್ರಂಥಪಾಲಕರು, ನಾಲ್ವರು ವೈದ್ಯರು ಸೇರಿ ಕಟ್ಟಿದ ಸಂಘ ಮುಂದೆ 1907ರಲ್ಲಿ ಮೆಡಿಕಲ್ ಲೈಬ್ರರಿ ಅಸೋಸಿಯೇಷನ್ ಎಂಬ ಹೆಸರು ಪಡೆಯಿತು. ಅದರ ಮೊದಲ ಕೆಲಸದಲ್ಲಿ ವಿದ್ವತ್ತಿನ ಹಮ್ಮೇನೂ ಇರಲಿಲ್ಲ. ಒಂದು ಗ್ರಂಥಾಲಯದಲ್ಲಿ ಎರಡೆರಡು ಪ್ರತಿ ಇರುವ ಪತ್ರಿಕಾ ಸಂಚಿಕೆಗಳನ್ನು ಪಟ್ಟಿ ಮಾಡಿ, ಅವು ಇಲ್ಲದ ಇನ್ನೊಂದು ಗ್ರಂಥಾಲಯಕ್ಕೆ ಕಳಿಸಿಕೊಡುವುದು. ಇದನ್ನು ಅವರು ಎಕ್ಸ್‌ಚೇಂಜ್ ಎಂದರು. ಕೇಳಲು ಗುಜರಿ ವ್ಯವಹಾರದಂತಿದ್ದರೂ ವೈದ್ಯಕೀಯದ ಮಟ್ಟಿಗೆ ಇದು ದೊಡ್ಡ ಮಾತು. ವೈದ್ಯರಿಗೆ ಬೇಕಾದದ್ದು ಪುಸ್ತಕಕ್ಕಿಂತ ಪತ್ರಿಕೆಯಲ್ಲಿರುತ್ತದೆ. ವರ್ಷದ ಹನ್ನೆರಡು ಸಂಚಿಕೆಗಳಲ್ಲಿ ಒಂದು ಕಳೆದರೆ ಬೈಂಡು ಮಾಡಿಸಿದ ಸಂಪುಟವೇ ಊನ. ಬಾಲ್ಟಿಮೋರಿನಲ್ಲಿ ಮೇರಿಲ್ಯಾಂಡಿನ ವೈದ್ಯರ ಸಂಘದ ಗ್ರಂಥಾಲಯಕ್ಕೆ 1896ರಲ್ಲಿ ಸೇರಿದ ಮಾರ್ಸಿಯಾ ನಾಯ್ಸ್ ಅಂಥ ಹೊಂದಿಸುವ ಕೆಲಸದಲ್ಲಿ ಐವತ್ತು ವರ್ಷ ಕಳೆದರು. ಗ್ರಂಥಾಲಯದ ಕಟ್ಟಡದ ಮೇಲಂತಸ್ತೇ ಅವರ ಮನೆಯಾಗಿತ್ತು. 1933ರಲ್ಲಿ ಅವರು ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಅಲ್ಲಿಗೆ ಸಂಘಕ್ಕೆ ಮೂವತ್ತೈದು ವರ್ಷವಾಗಿತ್ತು ಎಂಬುದನ್ನು ಗಮನಿಸಿದರೆ, ಕೆಲಸ ಯಾರದು, ಪೀಠ ಯಾರದು ಎಂಬುದು ತಿಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಗ್ರಂಥಾಲಯಗಳು ಬಾಂಬಿಗೆ ಸಿಕ್ಕು ಸುಟ್ಟಮೇಲೆ ಇದೇ ವಿನಿಮಯ ಸಾಗರದಾಚೆಗೂ ಚಾಚಿತು. ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಐಲೀನ್ ಕನಿಂಗ್‌ಹ್ಯಾಮ್ ಅದರ ಮುಂದಾಳು. ಹೊರದೇಶದ ಗ್ರಂಥಪಾಲಕರನ್ನು ಕರೆಸಿ ತರಬೇತಿ ಕೊಡಲು ರಾಕ್‌ಫೆಲರ್ ಪ್ರತಿಷ್ಠಾನ ಹಣ ಕೊಟ್ಟಿತು. 1953ರಲ್ಲಿ ಲಂಡನ್ನಿನಲ್ಲಿ ವೈದ್ಯಕೀಯ ಗ್ರಂಥಪಾಲನೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು.

ಸಂಚಿಕೆಗಳನ್ನು ಒಟ್ಟುಮಾಡುವುದು ಅರ್ಧ ಕೆಲಸ. ಅವುಗಳೊಳಗೆ ಏನಿದೆ ಎಂದು ಹೇಳುವುದು ಉಳಿದರ್ಧ. ಇದನ್ನು ಹತ್ತೊಂಬತ್ತನೇ ಶತಮಾನದಲ್ಲೇ ಕಂಡಿದ್ದವರು ಜಾನ್ ಷಾ ಬಿಲ್ಲಿಂಗ್ಸ್. ಸೇನೆಯ ಸರ್ಜನ್ ಜನರಲ್ ಕಚೇರಿಯ ಪುಟ್ಟ ಸಂಗ್ರಹವನ್ನು ದೊಡ್ಡ ಗ್ರಂಥಾಲಯವಾಗಿಸಿದ ಈ ವೈದ್ಯರು 1879ರಲ್ಲಿ ಇಂಡೆಕ್ಸ್ ಮೆಡಿಕಸ್ ಎಂಬ ಮಾಸಿಕ ಸೂಚಿಯನ್ನೂ, 1880ರಲ್ಲಿ ಇಂಡೆಕ್ಸ್ ಕ್ಯಾಟಲಾಗ್ ಎಂಬ ಮಹಾಸೂಚಿಯ ಮೊದಲ ಸಂಪುಟವನ್ನೂ ಹೊರತಂದರು. ಮಹಾಸೂಚಿಯ ಮೊದಲ ಸರಣಿ ಹದಿನಾರು ಸಂಪುಟ. ಎ ಅಕ್ಷರದಿಂದ ಜ಼ೆಡ್ ಮುಟ್ಟಲು ಹದಿನೈದು ವರ್ಷ ಹಿಡಿಯಿತು. ಎ ಅಕ್ಷರದ ಸಂಪುಟ ಅಚ್ಚಾದ ಮರುದಿನ ಅಪೆಂಡಿಸೈಟಿಸ್ ಬಗ್ಗೆ ಒಳ್ಳೆಯ ಲೇಖನ ಬಂದರೆ ಅದು ಮುಂದಿನ ಸರಣಿ ಬರುವ ತನಕ ಕಾಯಬೇಕು. ಪಾಂಡಿತ್ಯದ ಸ್ಮಾರಕವಾಗಿ ಇದು ಅದ್ಭುತ. ಹಾಸಿಗೆಯಲ್ಲಿ ರೋಗಿಯನ್ನಿಟ್ಟುಕೊಂಡ ವೈದ್ಯನಿಗೆ ಅಷ್ಟೇನೂ ಉಪಕಾರಿಯಲ್ಲ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1927ರಿಂದ ನಡೆಸಿದ ತ್ರೈಮಾಸಿಕ ಸೂಚಿಯೂ ಯುದ್ಧದ ಹೊತ್ತಿಗೆ ಹಿಂದೆ ಬಿತ್ತು, ಮತ್ತೆ ಸುಧಾರಿಸಿಕೊಳ್ಳಲೇ ಇಲ್ಲ. ಆರ್ಮಿ ಲೈಬ್ರರಿಯ ಸ್ಥಿತಿಯಂತೂ ಹೇಳುವಂತಿರಲಿಲ್ಲ: 1887ರ ಇಟ್ಟಿಗೆ ಕಟ್ಟಡ ಸಾಕಾಗದು, ಪುಸ್ತಕಗಳಿಗೆ ಸರಿಯಾದ ಕ್ಯಾಟಲಾಗ್ ಇಲ್ಲ.

ಆಗ ನಡೆದ ಒಂದು ಸಮೀಕ್ಷೆಯೇ ನನ್ನ ದೃಷ್ಟಿಯಲ್ಲಿ ಈ ಕಥೆಯ ತಿರುವು. ಆರ್ಮಿ ಲೈಬ್ರರಿಯನ್ನು ಒಳಹೊಕ್ಕು ನೋಡಿ ವರದಿ ಕೊಡಲು ಹೊರಗಿನ ಗ್ರಂಥಪಾಲಕರ ತಂಡವೊಂದನ್ನು ಕರೆಯಲಾಯಿತು. ಹಾರ್ವರ್ಡಿನ ಕೀಸ್ ಮೆಟ್‌ಕಾಫ್ ಅದರ ಮುಖ್ಯಸ್ಥರು. ವೈದ್ಯಕೀಯ ಗ್ರಂಥಾಲಯಗಳ ಪರವಾಗಿ ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್‌ನ ಜಾನೆಟ್ ಡೋ, ಕೊಲಂಬಿಯಾದ ಥಾಮಸ್ ಫ್ಲೆಮಿಂಗ್, ನ್ಯೂ ಆರ್ಲಿಯನ್ಸಿನ ಮೇರಿ ಲೂಯಿಸ್ ಮಾರ್ಷಲ್. 1944ರಲ್ಲಿ ಬಂದ ಅವರ ವರದಿ ಮುಲಾಜಿಲ್ಲದೆ ಹೇಳಿತು: ಸಂಗ್ರಹ ದೊಡ್ಡದು, ವ್ಯವಸ್ಥೆ ಕಳಪೆ, ತರಬೇತಾದ ಗ್ರಂಥಪಾಲಕರು ಬೇಕು, ಹೊಸ ಕಟ್ಟಡ ಬೇಕು, ಹೊಸ ವರ್ಗೀಕರಣ ಬೇಕು. ಯುದ್ಧಕಾಲದಲ್ಲಿ ಸೇನೆಯ ಸಂಸ್ಥೆಗೆ ನಾಗರಿಕರು ಹೀಗೆ ಹೇಳುವುದು ಸಣ್ಣ ಧೈರ್ಯವಲ್ಲ. ಹೇಳಿ ಕೈತೊಳೆದುಕೊಳ್ಳಲೂ ಇಲ್ಲ. ವೈದ್ಯಕೀಯ ಪುಸ್ತಕಗಳನ್ನು ಕಪಾಟಿನಲ್ಲಿ ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ಹೊಸ ವರ್ಗೀಕರಣದ ಕರಡನ್ನು ಮಾರ್ಷಲ್ ಸಿದ್ಧಪಡಿಸಿದರು; ಅದರ ಪರಿಷ್ಕೃತ ರೂಪ 1951ರಲ್ಲಿ ಪ್ರಕಟವಾಯಿತು. ನಮ್ಮ ದೇಶದ ವೈದ್ಯಕೀಯ ಕಾಲೇಜುಗಳ ಕೆಲವು ಪುಸ್ತಕಗಳ ಬೆನ್ನ ಮೇಲೆ ಡಬ್ಲ್ಯು ಅಕ್ಷರದಿಂದ ಶುರುವಾಗುವ ಸಂಖ್ಯೆ ಕಂಡರೆ ಅದರ ಮೂಲ ಈ ಕರಡಿನಲ್ಲಿದೆ.

ಇದೇ ವರ್ಷಗಳಲ್ಲಿ ಬಳಗ ತನ್ನನ್ನೂ ಶಿಸ್ತಿಗೆ ಒಳಪಡಿಸಿಕೊಂಡಿತು. ಫ್ಲೆಮಿಂಗ್ ಕೊಲಂಬಿಯಾದಲ್ಲಿ ವೈದ್ಯಕೀಯ ಗ್ರಂಥಪಾಲನೆಯ ಪಾಠ ಶುರುಮಾಡಿದರು. 1943ರಲ್ಲಿ ಜಾನೆಟ್ ಡೋ ಸಂಪಾದಕತ್ವದಲ್ಲಿ ವೃತ್ತಿಯ ಕೈಪಿಡಿ ಬಂತು, 1949ರಲ್ಲಿ ಸಂಘ ಅರ್ಹತಾ ಪ್ರಮಾಣಪತ್ರ ಕೊಡತೊಡಗಿತು. ಪ್ರಮಾಣಪತ್ರವೆಂದರೆ ಒಳಗಿದ್ದವರು ಬಾಗಿಲು ಹಾಕಿಕೊಳ್ಳುವ ಉಪಾಯ, ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಕೂತು ಕೆಲಸ ಕಲಿತವರನ್ನು ಹೊರಗಿಡುವ ಬೇಲಿ, ಎಂದು ಯಾರಾದರೂ ಹೇಳಬಹುದು. ಮಾತಿನಲ್ಲಿ ಸತ್ಯಾಂಶವಿದೆ; ಯಾವ ವೃತ್ತಿಸಂಘವೂ ಈ ಗುಮಾನಿಯಿಂದ ಹೊರತಲ್ಲ. ಆದರೆ ಪರಿಸ್ಥಿತಿಯನ್ನೂ ನೋಡಬೇಕು. ಆಸ್ಪತ್ರೆಯ ಆಡಳಿತ ಗ್ರಂಥಪಾಲಕಿಯನ್ನು ಪುಸ್ತಕ ಎತ್ತಿಡುವ ಗುಮಾಸ್ತೆಯೆಂದು ಎಣಿಸುತ್ತಿದ್ದ ಕಾಲದಲ್ಲಿ, ಈ ಕೆಲಸಕ್ಕೆ ಕಲಿಕೆ ಬೇಕು ಎಂದು ಕಾಗದದ ಮೇಲೆ ತೋರಿಸದೆ ಸಂಬಳ ಕೇಳುವುದೂ ಸಾಧ್ಯವಿರಲಿಲ್ಲ, ಪತ್ರಿಕೆಗಳ ಚಂದಾ ಹಣಕ್ಕೆ ಹೋರಾಡುವುದೂ ಸಾಧ್ಯವಿರಲಿಲ್ಲ. ರಾಜರ್ಸ್‌ರನ್ನು ಸೇನೆ ಗ್ರಂಥಾಲಯ ಶಾಲೆಗೆ ಕಳಿಸಿದ್ದೂ ಈ ಹಟದ ಫಲವೇ.

ರಾಜರ್ಸ್ ಮಾಡಿದ್ದೇನು? ಮೊದಲು, ನಿಲ್ಲಿಸಬೇಕಾದದ್ದನ್ನು ನಿಲ್ಲಿಸಿದರು. ಎಪ್ಪತ್ತು ವರ್ಷ ಹಳೆಯ ಮಹಾಸೂಚಿಗೆ ಮಂಗಳ ಹಾಡುವ ತೀರ್ಮಾನ 1950ರಲ್ಲಿ ಆಯಿತು. ಕೈಯಲ್ಲಿದ್ದದ್ದನ್ನು ಮುಗಿಸಿ 1961ರಲ್ಲಿ ಅದು ನಿಂತಿತು. ಅದರ ಬದಲು ಗಮನ ಹೋದದ್ದು ಕರೆಂಟ್ ಲಿಸ್ಟ್ ಎಂಬ ಸರಳ ಪಟ್ಟಿಯ ಕಡೆಗೆ. ಅಥರ್ಟನ್ ಸೈಡೆಲ್ ಎಂಬ ರಸಾಯನ ವಿಜ್ಞಾನಿ ಅದನ್ನು 1941ರಲ್ಲಿ ವಾರಪತ್ರಿಕೆಯಾಗಿ ಆರಂಭಿಸಿದ್ದರು. ಪಟ್ಟಿ ನೋಡಿ ಬೇಕಾದ ಲೇಖನದ ಮೈಕ್ರೊಫಿಲ್ಮ್ ತರಿಸಿಕೊಳ್ಳಿ ಎಂಬುದು ಅವರ ಯೋಜನೆ. ಬೇಗ ಬರುವ ಸೂಚಿ ಪೂರ್ಣವಾಗಿ ಬರುವ ಸೂಚಿಗಿಂತ ಮೇಲು ಎಂಬ ಈ ಆಯ್ಕೆ ಗ್ರಂಥಪಾಲಕನ ಆಯ್ಕೆ, ವಿದ್ವಾಂಸನದಲ್ಲ. 1960ರಲ್ಲಿ ಕರೆಂಟ್ ಲಿಸ್ಟ್ ಹೊಸ ಇಂಡೆಕ್ಸ್ ಮೆಡಿಕಸ್ ಆಗಿ, ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಲೇಖನಗಳನ್ನು ಹೊತ್ತು ಬರತೊಡಗಿತು. ಜೊತೆಗೇ ಮೆಶ್ ಎಂಬ ವಿಷಯ ಶೀರ್ಷಿಕೆಗಳ ಪಟ್ಟಿ ಬಂತು. ಇದು ಈ ಇಡೀ ಕಸುಬಿನ ತಿರುಳಾದ್ದರಿಂದ ಸ್ವಲ್ಪ ನಿಂತು ನೋಡಬೇಕು. ಹೃದಯಾಘಾತದ ಬಗ್ಗೆ ಒಬ್ಬ ವೈದ್ಯ ಕೊರೊನರಿ ಥ್ರಾಂಬೋಸಿಸ್ ಎಂದು ಬರೆಯುತ್ತಾನೆ, ಇನ್ನೊಬ್ಬ ಕೊರೊನರಿ ಅಕ್ಲೂಷನ್ ಎನ್ನುತ್ತಾನೆ, ಮತ್ತೊಬ್ಬ ಮಯೋಕಾರ್ಡಿಯಲ್ ಇನ್‌ಫಾರ್ಕ್‌ಷನ್ ಎನ್ನುತ್ತಾನೆ. ಮೂವರೂ ಒಂದನ್ನೇ ಹೇಳುತ್ತಿದ್ದಾರೆಯೇ? ಬಹುಪಾಲು ಹೌದು, ಪೂರ್ತಿಯಾಗಿ ಅಲ್ಲ. ಯಾವ ಹೆಸರನ್ನು ಶೀರ್ಷಿಕೆಯಾಗಿ ಇಡಬೇಕು, ಯಾವುದರ ಕೆಳಗೆ 'ಅಲ್ಲಿ ನೋಡಿ' ಎಂದು ಬರೆಯಬೇಕು, ಯಾವ ವ್ಯತ್ಯಾಸವನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಒಮ್ಮೆ ನಿರ್ಧರಿಸಿ, ಸೂಚಿ ಮಾಡುವ ಪ್ರತಿಯೊಬ್ಬರೂ ಅದಕ್ಕೇ ಬದ್ಧರಾಗಿರಬೇಕು. ಮೆಶ್ ಮೊದಲ ಆವೃತ್ತಿಯಲ್ಲೇ ಇಂಥ ನಾಲ್ಕು ಸಾವಿರಕ್ಕೂ ಹೆಚ್ಚು ಶೀರ್ಷಿಕೆಗಳಿದ್ದವು. ಚಿಕಿತ್ಸೆ, ರೋಗನಿರ್ಣಯ, ಕಾರಣ ಮುಂತಾದ ಉಪಶೀರ್ಷಿಕೆಗಳನ್ನು ಯಾವ ಕಾಯಿಲೆಗೆ ಬೇಕಾದರೂ ಜೋಡಿಸುವ ಏಕರೂಪದ ಪದ್ಧತಿಯಿತ್ತು. ಪುಸ್ತಕಕ್ಕೂ ಲೇಖನಕ್ಕೂ ಒಂದೇ ಪಟ್ಟಿ ಎಂಬುದು ಇನ್ನೊಂದು ಹೊಸತನ.

ಕನ್ನಡ ಓದುಗರಿಗೆ ಇಲ್ಲಿ ಒಂದು ಪರಿಚಿತ ಹೆಸರು ಹೊಳೆಯಬೇಕು. ಒಂದು ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ, ಬೇಕಾದಂತೆ ಜೋಡಿಸುವ ಕ್ರಮವನ್ನು ಎಸ್.ಆರ್. ರಂಗನಾಥನ್ ತಮ್ಮ ಕೋಲನ್ ವರ್ಗೀಕರಣದಲ್ಲಿ 1930ರ ದಶಕದಲ್ಲೇ ಕಟ್ಟಿದ್ದರು. ಅದನ್ನು ವಿವರಿಸುವಾಗ ಗ್ರಂಥಾಲಯ ವಿಜ್ಞಾನದ ಪಾಠಗಳಲ್ಲಿ ಬರುವ ಪ್ರಸಿದ್ಧ ಉದಾಹರಣೆಯೂ ವೈದ್ಯಕೀಯದ್ದೇ: ಶ್ವಾಸಕೋಶದ ಕ್ಷಯಕ್ಕೆ ಎಕ್ಸ್‌ರೇ ಚಿಕಿತ್ಸೆಯ ಕುರಿತು 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆ. ಅಂಗ, ರೋಗ, ಚಿಕಿತ್ಸೆ, ದೇಶ, ಕಾಲ ಒಂದೊಂದಕ್ಕೂ ಒಂದೊಂದು ಗುರುತು. ಮೆಶ್ ಹುಟ್ಟಿದ ಹೊತ್ತಿನಲ್ಲೇ, 1962ರಲ್ಲಿ, ರಂಗನಾಥನ್ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದರು. ಓದುಗನ ಸಮಯ ಉಳಿಸು ಎಂಬ ಅವರ ನಾಲ್ಕನೆಯ ಸೂತ್ರವನ್ನು ಆಸ್ಪತ್ರೆಯ ಗ್ರಂಥಾಲಯದ ಬಾಗಿಲಿಗೆ ಬರೆಸಿದರೆ ತಪ್ಪಿಲ್ಲ.

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಯಂತ್ರವಿಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತಿತ್ತು. ಪ್ರಳಯದಂತೆ ಬರುತ್ತಿದ್ದ ವೈದ್ಯ ಸಾಹಿತ್ಯವನ್ನು ಪಳಗಿಸಿದ್ದು ಕಂಪ್ಯೂಟರೇ ಅಲ್ಲವೇ? ಭಾಗಶಃ ಹೌದು. 1956ರಲ್ಲಿ ಸೆನೆಟರುಗಳಾದ ಲಿಸ್ಟರ್ ಹಿಲ್ ಮತ್ತು ಜಾನ್ ಎಫ್. ಕೆನಡಿ ಮಂಡಿಸಿದ ಮಸೂದೆ ಕಾಯಿದೆಯಾಗಿ, ಸೇನೆಯ ಗ್ರಂಥಾಲಯ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಆಯಿತು. (ಅದನ್ನು ಷಿಕಾಗೊಗೆ ಒಯ್ಯಬೇಕೆಂಬ ಜಗ್ಗಾಟವೂ ನಡೆದು, ಕೊನೆಗೆ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿ ಕಟ್ಟಡವೆದ್ದಿತು.) ಅಲ್ಲಿ 1964ರ ಜನವರಿಯಲ್ಲಿ ಮೆಡ್ಲಾರ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕೆಲಸ ಶುರುಮಾಡಿತು. ವೈದ್ಯ ಪ್ರಶ್ನೆ ಬರೆದು ಕಳಿಸುತ್ತಾನೆ. ತರಬೇತಾದ ಶೋಧಕರು ಅದನ್ನು ಮೆಶ್ ಶೀರ್ಷಿಕೆಗಳ ಭಾಷೆಗೆ ಇಳಿಸುತ್ತಾರೆ. ಹಲವು ಪ್ರಶ್ನೆಗಳನ್ನು ಒಟ್ಟಾಗಿ ಯಂತ್ರಕ್ಕೆ ಉಣಿಸುತ್ತಾರೆ. ವಾರಗಳ ನಂತರ ಉತ್ತರ ಅಂಚೆಯಲ್ಲಿ ಬರುತ್ತದೆ. ಈ ವ್ಯವಸ್ಥೆ ಎಷ್ಟು ಚೆನ್ನಾಗಿ ಹುಡುಕುತ್ತದೆಂದು ಎಫ್.ಡಬ್ಲ್ಯು. ಲ್ಯಾಂಕಾಸ್ಟರ್ ಸುಮಾರು 300 ಶೋಧಗಳನ್ನು ಬಗೆದು ನೋಡಿ 1968ರಲ್ಲಿ ವರದಿ ಕೊಟ್ಟರು. ಸಿಗಬೇಕಾಗಿದ್ದ ಲೇಖನಗಳಲ್ಲಿ ಸಿಕ್ಕದ್ದು ಸರಾಸರಿ ಶೇ. 58, ಸಿಕ್ಕವುಗಳಲ್ಲಿ ನಿಜಕ್ಕೂ ಬೇಕಾಗಿದ್ದದ್ದು ಶೇ. 50. ಎಡವಿದ್ದೆಲ್ಲಿ? ಸೂಚಿ ಮಾಡುವಲ್ಲಿ, ಶೀರ್ಷಿಕೆಗಳ ಪಟ್ಟಿಯಲ್ಲಿ, ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವಲ್ಲಿ, ಶೋಧವನ್ನು ರೂಪಿಸುವಲ್ಲಿ. ಯಂತ್ರದ ತಪ್ಪುಗಳು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಸೋಲು ಗೆಲುವು ಎರಡೂ ಗ್ರಂಥಪಾಲಕರ ಅಂಗಳದಲ್ಲೇ ತೀರ್ಮಾನವಾಗುತ್ತಿತ್ತು.

ಅದೇ ವರದಿಯಲ್ಲಿ ನನ್ನ ವಾದಕ್ಕೆ ಚುಚ್ಚುವ ಮುಳ್ಳೂ ಇದೆ. ವೈದ್ಯರು ತಮಗೆ ಬೇಕಾದ್ದನ್ನು ತಮ್ಮ ಮಾತಿನಲ್ಲೇ ಬರೆದು ಕಳಿಸಿದಾಗ ಫಲಿತಾಂಶ ಉತ್ತಮವಾಗಿತ್ತು. ನಡುವೆ ಸ್ಥಳೀಯ ಗ್ರಂಥಪಾಲಕರು ಸೇರಿಕೊಂಡು ಪ್ರಶ್ನೆಯನ್ನು ಮೊದಲೇ ಮೆಶ್ ಭಾಷೆಗೆ ಬಗ್ಗಿಸಿದಾಗ ಪ್ರಶ್ನೆಯೇ ಬೇರೆಯಾಗಿಬಿಡುತ್ತಿತ್ತು. ಹಾಗಾದರೆ ಮಧ್ಯವರ್ತಿಯೇ ಅಡ್ಡಿಯೇ? ಆ ಹಂತದಲ್ಲಿ, ಆ ಬಗೆಯ ಮಧ್ಯಸ್ಥಿಕೆ ಅಡ್ಡಿಯಾಗಿತ್ತೆಂದು ಒಪ್ಪಿಕೊಳ್ಳಬೇಕು. ಆದರೆ ಈ ದೋಷವನ್ನು ಪತ್ತೆಮಾಡಿದವರು ಯಂತ್ರ ಮಾರುವ ಕಂಪನಿಯವರಲ್ಲ. ಲ್ಯಾಂಕಾಸ್ಟರ್ ಸ್ವತಃ ಗ್ರಂಥಪಾಲಕರು. ಪರೀಕ್ಷೆ ಮಾಡಿಸಿ ಹೊರಗೆಡಹಿದ್ದು ಆ ಗ್ರಂಥಾಲಯವೇ. ತನ್ನ ಶೇ. 42ರ ಸೋಲನ್ನು ತಾನೇ ಅಚ್ಚುಹಾಕಿಸುವ ಸಂಸ್ಥೆಗಳು ಆಗಲೂ ಕಡಿಮೆ, ಈಗಲೂ ಕಡಿಮೆ.

ಇನ್ನೊಂದು ತಕರಾರು ನನಗೆ ಇದಕ್ಕಿಂತ ಗಂಭೀರವಾಗಿ ಕಾಣುತ್ತದೆ. ಈ ಇತಿಹಾಸದಲ್ಲಿ ಬಿಲ್ಲಿಂಗ್ಸ್, ರಾಜರ್ಸ್‌ರಂಥ ನಿರ್ದೇಶಕರು ಎದ್ದುಕಾಣುತ್ತಾರೆ. ದಿನವಿಡೀ ಲೇಖನ ಓದಿ ಶೀರ್ಷಿಕೆ ಹಚ್ಚಿದವರ ಹೆಸರು ಸಂಪುಟಗಳ ಮೇಲಿಲ್ಲ. ಬಳಗದ ಹಿರಿಮೆ ಹಾಡುವುದರಲ್ಲಿ ಈ ಅನ್ಯಾಯ ಮುಚ್ಚಿಹೋಗಬಾರದು. ಆದರೂ ಮಾರ್ಷಲ್, ಡೋ, ಕನಿಂಗ್‌ಹ್ಯಾಮ್ ಒಬ್ಬೊಬ್ಬರೂ ಸಂಘದ ಅಧ್ಯಕ್ಷರಾದರು. ಯುದ್ಧದಿಂದ ವಾರ್ಷಿಕ ಸಭೆಗಳೇ ನಿಂತಿದ್ದ ಕಾಲದಲ್ಲಿ ಮಾರ್ಷಲ್ 1941ರಿಂದ 46ರವರೆಗೆ ಸಂಘವನ್ನು ನಡೆಸಿದರು. ವೈದ್ಯಕೀಯ ಸೂಚಿಗಳ ಇತಿಹಾಸವನ್ನು 1954ರಲ್ಲಿ ಪುಸ್ತಕವಾಗಿ ಬರೆದ ಎಸ್ಟೆಲ್ ಬ್ರಾಡ್‌ಮನ್ ಮುಂದೆ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೆಗಳ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿದವರಲ್ಲಿ ಮೊದಲಿಗರು. ಗ್ರಂಥಪಾಲಕಿಯರು ಯಂತ್ರಕ್ಕೆ ಹೆದರಿ ಕಾರ್ಡಿಗೆ ಅಂಟಿಕೊಂಡಿದ್ದರು ಎಂಬ ಕಲ್ಪನೆಗೆ ಇವರೊಬ್ಬರೇ ಸಾಕಷ್ಟು ಉತ್ತರ.

1965ರ ಕಾಯಿದೆಯೊಂದು ಅಮೆರಿಕದ ವೈದ್ಯಕೀಯ ಗ್ರಂಥಾಲಯಗಳಿಗೆ ಸರ್ಕಾರದ ಹಣ ತಂದು ಪ್ರಾದೇಶಿಕ ಗ್ರಂಥಾಲಯಗಳ ಜಾಲ ಕಟ್ಟಿತು. 1971ರಲ್ಲಿ ಶೋಧ ಆನ್‌ಲೈನ್ ಆಯಿತು, 1997ರಲ್ಲಿ ಪಬ್‌ಮೆಡ್ ಎಲ್ಲರಿಗೂ ಉಚಿತವಾಯಿತು, 2004ರ ಕೊನೆಗೆ ಅಚ್ಚಿನ ಇಂಡೆಕ್ಸ್ ಮೆಡಿಕಸ್ ನಿಂತಿತು. ಮೆಶ್ ಮಾತ್ರ ನಿಂತಿಲ್ಲ, ಪ್ರತಿವರ್ಷ ಪರಿಷ್ಕಾರಗೊಳ್ಳುತ್ತಿದೆ. ಲೇಖನಗಳಿಗೆ ಶೀರ್ಷಿಕೆ ಹಚ್ಚುವ ಕೆಲಸವನ್ನು 2022ರಿಂದ ಕಂಪ್ಯೂಟರ್ ಪ್ರೋಗ್ರಾಮೇ ಮಾಡುತ್ತಿದೆ. ಆಯ್ದ ಲೇಖನಗಳಲ್ಲಿ ಅದು ಹಚ್ಚಿದ್ದು ಸರಿಯೋ ತಪ್ಪೋ ಎಂದು ನೋಡಿ ತಿದ್ದುವವರು ಈಗಲೂ ಮನುಷ್ಯರೇ.