ಹಾಸ್ಟೆಲ್ ಕೋಣೆಗೆ ಯಾವ ಗಿಡ ಕೊಡಬೇಕು?

ಕಾಲೇಜು ಶುರುವಾಗುವ ಹೊತ್ತಿಗೆ ಧಾರವಾಡದ ಹಾಸ್ಟೆಲ್, ಪಿಜಿಗಳಲ್ಲಿ ಇಳಿದುಕೊಂಡ ಹುಡುಗ-ಹುಡುಗಿಯರು ನನ್ನ ನರ್ಸರಿಗೂ ಬರ್ತಾರೆ. ಬೇಡಿಕೆ ಒಂದೇ: "ಅಣ್ಣಾ, ಸಾಯದೇ ಇರೋ ಗಿಡ ಕೊಡ್ರಿ." ಅಂಥ ಗಿಡ ಯಾವುದೂ ಇಲ್ಲ. ಆದರೆ ಒಂದೇ ಕಿಟಕಿಯ ಕೋಣೆಯಲ್ಲಿ, ದೀಪಾವಳಿಗೆ ಬೀಗ ಹಾಕಿ ಊರಿಗೆ ಹೋದರೂ ತಡೆದುಕೊಳ್ಳುವ ಗಿಡಗಳಿವೆ. ಮನೆ ಹಿಂದೆ ಅರ್ಧ ಗುಂಟೆ ನೆರಳು ಪರದೆ ಇದ್ದರೂ ಅವನ್ನು ಬೆಳೆಸಿ ಮಾರಬಹುದು.

ಕೋಣೆಯ ಗಿಡ ಸಾಯೋದು ಹೆಚ್ಚಾಗಿ ನೀರು ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ. ಹೊಲದಲ್ಲಿ ಬಿಸಿಲು, ಗಾಳಿಗೆ ಮಣ್ಣು ಬೇಗ ಆರುತ್ತೆ. ಕೋಣೆಯಲ್ಲಿ ಎರಡೂ ಕಡಿಮೆ. ಕುಂಡ ಹಸಿಯಾಗಿಯೇ ಉಳಿದು ಬೇರಿಗೆ ಉಸಿರು ಸಿಗದೆ ಕೊಳೆಯುತ್ತೆ. ಎಲೆ ಬಾಡಿದ್ದು ನೋಡಿ ಹುಡುಗರು ಇನ್ನೊಂದು ಚೊಂಬು ನೀರು ಸುರೀತಾರೆ. ಅಲ್ಲಿಗೆ ಮುಗೀತು.

ನನ್ನ ಮೊದಲ ಆಯ್ಕೆ ಸ್ನೇಕ್ ಪ್ಲಾಂಟ್. ಪಶ್ಚಿಮ ಆಫ್ರಿಕಾದ ಈ ಗಿಡ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತೆ. ಹಗಲು ಎಲೆಯ ರಂಧ್ರ ಮುಚ್ಚಿ ರಾತ್ರಿ ತೆರೆಯುವುದರಿಂದ ನೀರು ಆವಿಯಾಗೋದೂ ಕಡಿಮೆ. ಅನಾನಸ್ ಗಿಡದ್ದೂ ಇದೇ ಉಪಾಯ. ಎರಡು-ಮೂರು ವಾರಕ್ಕೊಮ್ಮೆ ನೀರು ಕೊಟ್ಟರೆ ಸಾಕು.

ಇದನ್ನು "ರಾತ್ರಿ ಆಕ್ಸಿಜನ್ ಕೊಡೋ ಗಿಡ" ಅಂತ ಹೇಳಿ ಮಾರಬೇಡಿ. ರಾತ್ರಿ ಅದು ಒಳಗೆಳೆಯೋದು ಕಾರ್ಬನ್ ಡೈಆಕ್ಸೈಡ್; ಆಕ್ಸಿಜನ್ ಹುಟ್ಟೋದು ಬೆಳಕಿದ್ದಾಗ ಮಾತ್ರ. ಗಾಳಿ ಶುದ್ಧ ಮಾಡುತ್ತೆ ಅಂತ ಎಲ್ಲರೂ ಹೇಳುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ, ಬಾಗಿಲು ಕಿಟಕಿ ಇರೋ ಕೋಣೆಯಲ್ಲಲ್ಲ. ಓದೋ ಹುಡುಗರು ಗಿರಾಕಿಗಳು, ಮೊಬೈಲ್‌ನಲ್ಲಿ ಹುಡುಕಿ ನೋಡ್ತಾರೆ.

ಬೆಳೆಸುವಾಗ ಒಂದು ಸೂಕ್ಷ್ಮ ಇದೆ. ಎಲೆಯನ್ನು ತುಂಡು ಮಾಡಿ ನೆಟ್ಟರೂ ಸಸಿ ಬರುತ್ತೆ, ಆದರೆ ಹಳದಿ ಅಂಚಿನ ತಳಿಯ ಎಲೆ ನೆಟ್ಟರೆ ಬರೋದು ಬರೀ ಹಸಿರು. ಹಳದಿ ಅಂಚು ಬೇಕಾದರೆ ಬುಡದ ಗೆಡ್ಡೆ ಸೀಳಿ, ಮರಿ ಬೇರ್ಪಡಿಸಿಯೇ ನೆಡಬೇಕು.

ಝಡ್‌ಝಡ್ ಪ್ಲಾಂಟ್ ಮಣ್ಣೊಳಗೆ ಆಲೂಗಡ್ಡೆಯಂಥ ಗೆಡ್ಡೆ ಕಟ್ಟುತ್ತೆ, ಕಡಿಮೆ ಬೆಳಕಲ್ಲೂ ಬಾಳುತ್ತೆ. ಬೆಳೆಯೋದು ಮಾತ್ರ ಆಮೆ ನಡಿಗೆ, ಬೇಗ ದುಡ್ಡು ನೋಡಬೇಕು ಅನ್ನೋರಿಗಲ್ಲ. ಬೇಗ ಬೇಕಾದರೆ ಮನಿ ಪ್ಲಾಂಟ್: ಒಂದು ಗಿಣ್ಣು ಇರುವ ಬಳ್ಳಿ ತುಂಡು ಸಾಕು, ನೀರಿನ ಬಾಟಲಿಯಲ್ಲೂ ಬೇರು ಬಿಡುತ್ತೆ. ಇವೆರಡರ ರಸ ಬಾಯಿಗೆ ಸುಡುತ್ತೆ, ಬೆಕ್ಕು ಅಥವಾ ಮಕ್ಕಳಿರೋ ಕಡೆ ಇದನ್ನು ಹೇಳಿಯೇ ಕೊಡಿ. ಲೋಳೆಸರ ಬಿಸಿಲು ಬೀಳೋ ಕಿಟಕಿಗೆ ಮಾತ್ರ. ತುಳಸಿ, ಗುಲಾಬಿ ಕೋಣೆಯೊಳಗೆ ಬೇಡವೇ ಬೇಡ.

ನಮ್ಮ ಕಡೆಯ ಎರೆ ಮಣ್ಣನ್ನು ಕುಂಡಕ್ಕೆ ತುಂಬಬೇಡಿ, ನೀರು ಹಿಡಿದಿಟ್ಟುಕೊಳ್ಳುತ್ತೆ. ನಾನು ಕೆಂಪು ಮಣ್ಣು, ದಪ್ಪ ಮರಳು, ಎರೆಗೊಬ್ಬರ ಸಮಪಾಲು ಬೆರೆಸ್ತೀನಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಕೊಳ್ಳೋರಿಗೆ ಒಂದೇ ಪರೀಕ್ಷೆ ಹೇಳಿಕೊಡಿ: ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ, ಹಸಿ ಇದ್ದರೆ ನೀರು ಬೇಡ. ಆಮೇಲೂ ಎಲೆ ಹಳದಿಯಾದ ಫೋಟೋ ವಾಟ್ಸಾಪ್‌ಗೆ ಬರುತ್ತೆ. ಕೊನೆಯ ಸಲ ನೀರು ಹಾಕಿದ್ದು ಯಾವಾಗ ಅಂತ ಮೊದಲು ಕೇಳಿ, ಔಷಧದ ಹೆಸರು ಆಮೇಲೆ.