ನಿಮಗಿದು ಗೊತ್ತೇ? ಹಾವಿನ ವಿಷಕ್ಕೆ ಕಂಪ್ಯೂಟರ್ ಹೆಣೆದ ಮದ್ದು

ನಾಗರಹಾವು ಕಚ್ಚಿದವರ ರೆಪ್ಪೆ ಜೋಲುವುದೇಕೆ, ಮಾತು ತೊದಲುವುದೇಕೆ, ಕೊನೆಗೆ ಉಸಿರೇ ನಿಲ್ಲುವುದೇಕೆ? ವಿಷದಲ್ಲಿರುವ ಪುಟ್ಟದೊಂದು ಪ್ರೋಟೀನ್ ಸ್ನಾಯುವಿನ ಮೇಲಿರುವ ರಿಸೆಪ್ಟರಿಗೆ ಹೋಗಿ ಅಂಟಿಕೊಳ್ಳುತ್ತದೆ. ನರ ಕಳಿಸುವ ರಾಸಾಯನಿಕ ಸಂದೇಶವಾದ ಅಸಿಟೈಲ್‌ಕೋಲಿನ್‌ಗೆ ಅಲ್ಲಿ ಜಾಗವೇ ಇರುವುದಿಲ್ಲ. ಉಸಿರಾಡಿಸುವ ಸ್ನಾಯು ಸುಮ್ಮನಾಗುತ್ತದೆ.

ಎತ್ತಿನ ಬಾಯಿಗೆ ಕುಕ್ಕೆ ಹಾಕುವಂತೆ ಈ ವಿಷಕ್ಕೇ ಕುಕ್ಕೆ ಹಾಕುವ ಪ್ರೋಟೀನನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಮತ್ತು ಸಂಗಡಿಗರು ರೂಪಿಸಿದ್ದಾರೆ. ಫಲಿತಾಂಶ 2025ರ ಜನವರಿಯಲ್ಲಿ ‘ನೇಚರ್’ನಲ್ಲಿ ಪ್ರಕಟವಾಯಿತು. ಬೇಕರ್ 2024ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡವರು.

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಸರ; ಅವು 20 ಬಗೆ. ನೂರನ್ನು ಪೋಣಿಸಿದರೆ ಸಾಧ್ಯವಾಗುವ ಸರಗಳೆಷ್ಟು? ಸುಮಾರಾಗಿ 1ರ ಮುಂದೆ 130 ಸೊನ್ನೆ! ಒಂದೊಂದಾಗಿ ಪರೀಕ್ಷಿಸುವ ಮಾತೇ ಇಲ್ಲ.

ಹಾಗಾದರೆ ಹುಡುಕಿದ್ದು ಹೇಗೆ? ‘ಆರ್‌ಎಫ್‌ಡಿಫ್ಯೂಷನ್’ ಎಂಬ ತಂತ್ರಾಂಶಕ್ಕೆ, ವಿಜ್ಞಾನಿಗಳಿಗೆ ಗೊತ್ತಿರುವ ಪ್ರೋಟೀನ್‌ಗಳ ಆಕಾರವನ್ನು ಬೇಕೆಂದೇ ಕಲಸಿ ಕೊಟ್ಟು, ಮತ್ತೆ ಸರಿಪಡಿಸುವುದನ್ನು ಕಲಿಸಿದ್ದಾರೆ. ಈಗ ಅದು ವಿಷದ ಮಗ್ಗುಲಲ್ಲಿ ಚುಕ್ಕೆಗಳನ್ನು ಅಡ್ಡಾದಿಡ್ಡಿ ಚೆಲ್ಲಿ, ಹಂತ ಹಂತವಾಗಿ ತಿದ್ದುತ್ತಾ, ವಿಷಕ್ಕೆ ಒತ್ತಾಗಿ ಕೂರುವ ಆಕಾರ ತೆಗೆಯುತ್ತದೆ. ಆ ಆಕಾರಕ್ಕೆ ಮಡಚಿಕೊಳ್ಳುವ ಅಮೈನೊ ಆಮ್ಲಗಳ ಸರವನ್ನು ‘ಪ್ರೋಟೀನ್‌ಎಂಪಿಎನ್‌ಎನ್’ ಎಂಬ ಇನ್ನೊಂದು ತಂತ್ರಾಂಶ ಆರಿಸುತ್ತದೆ. ಹಾಗೇ ಮಡಚಿಕೊಂಡೀತೇ ಎಂದು ‘ಆಲ್ಫಾಫೋಲ್ಡ್’ ಎಂಬ ಮತ್ತೊಂದು ತಾಳೆ ನೋಡುತ್ತದೆ. ಅಲ್ಲಿಂದ ಮುಂದೆ ಪ್ರಯೋಗಾಲಯದ ಕೆಲಸ: ಜೀನ್ ತಯಾರಿಸಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಅದೇ ಪ್ರೋಟೀನ್ ಮಾಡಿಕೊಡುತ್ತದೆ. ಕುದುರೆ ಬೇಡ!

ಹೌದು, ಇಂದಿಗೂ ನಮ್ಮ ಆಸ್ಪತ್ರೆಯ ಆಂಟಿವೆನಮ್ ಬರುವುದು ಕುದುರೆಯ ರಕ್ತದಿಂದ. ಆ ವಿಧಾನ 19ನೇ ಶತಮಾನದ್ದು.

ಮಾರಕ ಪ್ರಮಾಣದ ನರವಿಷ ಕೊಟ್ಟ ಇಲಿಗಳಲ್ಲಿ ಹೊಸ ಪ್ರೋಟೀನ್ ಪಡೆದವು ಶೇಕಡಾ 80ರಿಂದ 100ರಷ್ಟು ಬದುಕಿದವು. ಮನುಷ್ಯರ ಮೇಲಿನ ಪರೀಕ್ಷೆ ಇನ್ನೂ ಮುಂದಿದೆ.

ಭಾರತದಲ್ಲಿ ಹಾವು ಕಡಿತಕ್ಕೆ ವರ್ಷಕ್ಕೆ ಸುಮಾರು 58,000 ಜನ ಬಲಿಯಾಗುತ್ತಾರೆಂಬ ಅಂದಾಜಿದೆ. ಬಹುಪಾಲು ಹಳ್ಳಿಯವರು, ಹೊಲಗದ್ದೆಯಲ್ಲಿ ದುಡಿಯುವವರು. ಈ ಸಂಶೋಧನೆ ನಮಗೆ ದೂರದ ಸುದ್ದಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆಗೂಡಿ ಇದೇ ಬಗೆಯ ವಿಷಕ್ಕೆ ಕೃತಕ ಪ್ರತಿಕಾಯವೊಂದನ್ನು ರೂಪಿಸಿ 2024ರಲ್ಲಿ ಪ್ರಕಟಿಸಿದೆ.

ಕೊಳಕುಮಂಡಲದ ಕಥೆ ಮಾತ್ರ ಬೇರೆ. ಅದರ ವಿಷದಲ್ಲಿ ರಕ್ತ ಕೆಡಿಸುವ ಕಿಣ್ವಗಳದೇ ದರ್ಬಾರು. ಅವಕ್ಕೆ ಬೇರೆಯೇ ಪ್ರೋಟೀನ್‌ಗಳು ಬೇಕು. ಸದ್ಯಕ್ಕೆ ಯಾವ ಹಾವು ಕಚ್ಚಿದರೂ ತಡಮಾಡದೆ ಆಂಟಿವೆನಮ್ ಇರುವ ಆಸ್ಪತ್ರೆಗೆ ಹೋಗಿ.